ಎದೆಯ ಮೇಲಿನ ಕ್ಯಾಮೆರಾ ಮತ್ತು ಇಬ್ಬರು ಗಂಡಂದಿರ ಹೆಸರು

ಎದೆಯ ಮೇಲೆ ಕ್ಯಾಮೆರಾ ಕಟ್ಟಿಕೊಂಡು ಬಂದವರ ಜೊತೆ ಮಾತಾಡುವಾಗ ಅವರ ಮುಖ ನೋಡಬೇಕೋ, ಎದೆ ನೋಡಬೇಕೋ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಥವರೊಬ್ಬರು ಕಳೆದ ವರ್ಷ ಒಂದು ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ನಾಸಿಕದ ನಮ್ಮ ಮನೆಯ ಬಾಗಿಲು ಬಡಿದರು. ಒಂಬತ್ತೂವರೆ ನಾನು ತರಕಾರಿ ಹೆಚ್ಚುವ ಹೊತ್ತು. ಆರೂ ಹತ್ತಕ್ಕೆ ವಾಕಿಂಗ್, ಏಳಕ್ಕೆ ಚಹಾ, ಎಂಟಕ್ಕೆ ಸ್ನಾನ, ಒಂಬತ್ತೂವರೆಗೆ ತರಕಾರಿ. ಟ್ರಂಕ್ ಕಾಲ್ ಇದ್ದ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು ನಾನು. ಹೊತ್ತು ತಪ್ಪಿದರೆ ನನಗೆ ಕೈ ಆಡುವುದಿಲ್ಲ. ಕೈಯಲ್ಲಿ ಅರ್ಧ ಹೆಚ್ಚಿದ ಗೋರಿಕಾಯಿ ಹಿಡಿದುಕೊಂಡೇ ಬಾಗಿಲು ತೆರೆದೆ.

ಬಾಗಿಲಲ್ಲಿ ಮೂವರು. ಒಬ್ಬ ಸಬ್ ಇನ್ಸ್‌ಪೆಕ್ಟರ್, ಒಬ್ಬ ಮಹಿಳಾ ಕಾನ್‌ಸ್ಟೇಬಲ್, ಅವರ ಹಿಂದೆ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತ ಒಬ್ಬ ಹೆಣ್ಣುಮಗಳು. ಅವಳನ್ನು ನಾನು ಬಲ್ಲೆ. ನಮ್ಮ ಕಾಲನಿಯ ಪಕ್ಕದಲ್ಲಿ ಏಳುತ್ತಿರುವ ಹತ್ತು ಅಂತಸ್ತಿನ ಕಟ್ಟಡದಲ್ಲಿ ಅವಳು ಇಟ್ಟಿಗೆ ಹೊರುತ್ತಾಳೆ. ಯಾದಗಿರಿ ಕಡೆಯವಳು. ನಾನು ವಿಜಯಪುರದವಳು. ಬೆಳಗಿನ ವಾಕಿಂಗಿನಲ್ಲಿ ತಗಡಿನ ಶೆಡ್ಡಿನ ಮುಂದೆ ಎರಡು ನಿಮಿಷ ನಿಂತು ಕನ್ನಡ ಮಾತಾಡಿ ಮುಂದೆ ಹೋಗುವುದು ನನ್ನ ರೂಢಿ.

"ಬಾಯಾರ, ನಮ್ಮ ಮನಿಯವರನ್ನ ಹಿಡದಾರಂತ್ರಿ," ಎಂದಳು ಅವಳು. "ಇವರ ಕೇಳೋದು ನನಗ ತಿಳೀವಲ್ದು. ನೀವರ ಬರ್ರಿ."

ಸಬ್ ಇನ್ಸ್‌ಪೆಕ್ಟರು ಮರಾಠಿಯಲ್ಲಿ ವಿವರಿಸಿದರು. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರು ವಿದೇಶಿಯರ ತಪಾಸಣಾ ಪಥಕದವರು, ಅಂದರೆ ದಳದವರು. ಗಡಿ ದಾಟಿ ಕದ್ದು ಬಂದವರನ್ನು ಕಟ್ಟಡದ ಕೆಲಸದ ಜಾಗಗಳಲ್ಲಿ ಹುಡುಕುವುದು ಅವರ ಕೆಲಸ. ಇವಳ ಗಂಡ ಸೆಂಟ್ರಿಂಗ್ ಕೆಲಸಕ್ಕೆಂದು ಕೂಲಿಯಾಳುಗಳನ್ನು ಕರೆದೊಯ್ಯುವ ಮುಕಾದಮನ ಜೊತೆ ಎಂಟು ದಿನದ ಮಟ್ಟಿಗೆ ಸಂಭಾಜಿನಗರಕ್ಕೆ ಹೋಗಿದ್ದ. ಅಲ್ಲಿಯ ಪಥಕ ಬಂದಾಗ ಅವನ ಹತ್ತಿರ ಕಾಗದ ಇರಲಿಲ್ಲ. ಕಾಗದ ನಾಸಿಕದ ಶೆಡ್ಡಿನಲ್ಲಿ, ಟ್ರಂಕಿನೊಳಗೆ ಇತ್ತು. ತೆಗೆದು ನೋಡಿದರೆ ಗುರುತಿನ ಕಾರ್ಡಿನ ಮೇಲೆ ಸಿಮೆಂಟಿನ ನೀರು ಇಳಿದು ಮುಖವೂ ಹೋಗಿತ್ತು, ಹೆಸರೂ ಹೋಗಿತ್ತು, ಕೊನೆಯ ನಾಲ್ಕು ಅಂಕಿಗಳೂ ಹೋಗಿದ್ದವು. ಉಳಿದದ್ದು ಒಂದು ಕಿವಿ ಮಾತ್ರ.

"ಊರಿನ ಠಾಣೆಯಿಂದ ವರದಿ ಬರಲು ಹದಿನೈದು ದಿನ ಬೇಕು ಕಾಕು," ಎಂದರು ಅವರು, ನನ್ನನ್ನು ಚಿಕ್ಕಮ್ಮನ ಸ್ಥಾನದಲ್ಲಿ ಕೂರಿಸಿ. "ಸಂಭಾಜಿನಗರದಲ್ಲಿ ಅಷ್ಟು ದಿನ ಅವನನ್ನು ಕೂರಿಸಿಕೊಳ್ಳುವಂತಿಲ್ಲ. ನಾಳೆ ಮಧ್ಯಾಹ್ನ ಎರಡಕ್ಕೆ ಗುರುತು ಸಿಗದವರ ಗಾಡಿ ದೂರದ ಶಿಬಿರಕ್ಕೆ ಹೊರಡುತ್ತದೆ. ಅಲ್ಲಿಗೆ ಹೋದರೆ ಯಾವ ದೇಶದವನು ಎಂದು ತೀರ್ಮಾನ ಆಗುವವರೆಗೆ ಹೊರಗೆ ಬಿಡುವುದಿಲ್ಲ. ಅದಕ್ಕೆ ಒಂದೇ ದಾರಿ. ಹೆಂಡತಿ ಕ್ಯಾಮೆರಾದ ಮುಂದೆ ತನ್ನ ಭಾಷೆಯಲ್ಲಿ ಹೇಳಿಕೆ ಕೊಡಬೇಕು. ಗಂಡನ ಹೆಸರು, ಊರು, ಮದುವೆ ಆದದ್ದು. ಅಲ್ಲಿ ಅವನು ಹೇಳಿದ್ದಕ್ಕೆ ಇದು ಕೂಡಿದರೆ ಬಿಡುತ್ತಾರೆ. ಕನ್ನಡ ನಮಗೆ ಬರುವುದಿಲ್ಲ. ನೀವು ದುಭಾಷಿ ಆಗಬೇಕು."

ಎರಡು ನಿಮಿಷದ ಕೆಲಸ ಎಂದುಕೊಂಡೆ. ಗೋರಿಕಾಯಿಯನ್ನು ನೀರಲ್ಲಿ ಹಾಕಿ, ನಮ್ಮವರಿಗೆ ಗ್ಯಾಸು ನೋಡಿಕೊಳ್ಳಲು ಹೇಳಿ, ಒಂಬತ್ತು ನಲವತ್ತಕ್ಕೆ ಶೆಡ್ಡಿನ ಮುಂದೆ ಹಾಜರಾದೆ.

ಕ್ಯಾಮೆರಾಕ್ಕೆ ಅದರದೇ ಶಿಸ್ತು ಇತ್ತು. ಮೊದಮೊದಲು ಅದನ್ನು ಕೇಳಿ ನನಗೆ ಸಂತೋಷವೇ ಆಯಿತು. ಹಿಂದೆ ಸಾಕ್ಷಿಗಳು ಒಂದು ಹೇಳಿದರೆ ಕಾಗದದಲ್ಲಿ ಇನ್ನೊಂದು ಬರೆಯುತ್ತಿದ್ದರು ಎಂಬ ದೂರು ಇತ್ತಂತೆ. ಅದಕ್ಕೇ ಈ ಕ್ಯಾಮೆರಾ. ಹೇಳಿಕೆ ಮೊದಲಿನಿಂದ ಕೊನೆಯವರೆಗೆ ತುಂಡಾಗಬಾರದು. ಸಾಕ್ಷಿಯ ಮುಖ ಕಾಣಬೇಕು. ಉತ್ತರವನ್ನು ಬೇರೆ ಯಾರೂ ಹೇಳಿಕೊಡಬಾರದು. ಅಧಿಕಾರಿ ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದು. ಇದರಲ್ಲಿ ಒಂದು ತಪ್ಪಿದರೂ ಚಿತ್ರೀಕರಣ ರದ್ದು, ಮತ್ತೆ ಮೊದಲಿನಿಂದ. ಒಳ್ಳೆಯ ನಿಯಮ. ನಾನಾಗಿದ್ದರೂ ಇವನ್ನೇ ಬರೆಯುತ್ತಿದ್ದೆ.

ಸಬ್ ಇನ್ಸ್‌ಪೆಕ್ಟರು ಗುಂಡಿ ಒತ್ತಿದರು. ಗದ್ದ ತಗ್ಗಿಸಿ ತಮ್ಮ ಎದೆಗೇ ಹೇಳಿಕೊಂಡರು: ಸಮಯ ಇಷ್ಟು, ಸ್ಥಳ ಇದು, ಈ ಚಿತ್ರೀಕರಣ ಪಾರದರ್ಶಕತೆಗಾಗಿ ನಡೆಯುತ್ತಿದೆ. ಆಮೇಲೆ ತಲೆ ಎತ್ತಿ ನೋಡಿದರೆ ಸಾಕ್ಷಿ ಬೆನ್ನು ಮಾಡಿ ನಿಂತಿದ್ದಳು.

"ಪರಗಂಡಸರ ಎದಿ ನೋಡ್ಕೋತ ಹ್ಯಾಂಗ ಮಾತಾಡ್ಲಿ ಬಾಯಾರ?" ಎಂದು ಇಟ್ಟಿಗೆಯ ರಾಶಿಗೆ ಕೇಳಿದಳು.

ರದ್ದು. ಕ್ಯಾಮೆರಾ ಬಿಚ್ಚಿ ಮಹಿಳಾ ಕಾನ್‌ಸ್ಟೇಬಲ್‌ಗೆ ಕೊಟ್ಟರು. ಆಕೆಯ ಪಟ್ಟಿಗೆ ಅದರ ಕ್ಲಿಪ್ಪು ಹಿಡಿಯಲಿಲ್ಲ. ನನ್ನ ಸೀರೆಯ ಸೇಫ್ಟಿಪಿನ್ನು ಕೊಟ್ಟೆ. ಅಧಿಕಾರಿ ಏನನ್ನೂ ತೆಗೆದುಕೊಳ್ಳಬಾರದೆಂಬ ನಿಯಮ ನೆನಪಾಗಿ ಸಬ್ ಇನ್ಸ್‌ಪೆಕ್ಟರು ಒಂದು ಕ್ಷಣ ತಡೆದರು. ಆಮೇಲೆ, ಚಿತ್ರೀಕರಣ ಇನ್ನೂ ಶುರುವಾಗಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡರು.

ಎರಡನೆಯ ಸಲ ಅವಳು ಮುಖ ತೋರಿಸಿ ನಿಂತಳು. ತನ್ನ ಹೆಸರು ಹೇಳಿದಳು, ಊರು ಹೇಳಿದಳು, ತಾಲೂಕು ಹೇಳಿದಳು, ಮದುವೆಯಾಗಿ ಆರು ವರ್ಷ ಎಂದಳು. ಎಲ್ಲವನ್ನೂ ನಾನು ಮರಾಠಿಗೆ ತಿರುಗಿಸಿದೆ.

"ಗಂಡನ ಹೆಸರು?"

ಅವಳು ಸೆರಗಿನ ತುದಿ ಬಾಯಿಗೆ ಹಿಡಿದಳು. ನಾನು ಕನ್ನಡದಲ್ಲಿ ಕೇಳಿದೆ. ಅವಳು ನನ್ನ ಮುಖ ನೋಡಿದಳು, ಕಾನ್‌ಸ್ಟೇಬಲ್ಲಿನ ಕ್ಯಾಮೆರಾ ನೋಡಿದಳು, ನೆಲ ನೋಡಿದಳು.

"ಅದೊಂದ ಬಿಟ್ಟು ಬ್ಯಾರೆ ಏನರ ಕೇಳ್ರಿ," ಎಂದಳು. "ಗಂಡನ ಹೆಸರ ತಗೋಬಾರದ್ರಿ. ಅವರ ಆಯುಷ್ಯ ಕಡಿಮಿ ಆಗ್ತದ."

ಅಷ್ಟರಲ್ಲಿ ಗೇಟಿನ ವಾಚ್‌ಮನ್ ಉಪಕಾರ ಮಾಡುವ ಉತ್ಸಾಹದಲ್ಲಿ, "ಅರೇ ಸಾಬ್, ಮೈಂ ಬತಾತಾ ಹೂಂ!" ಎಂದು ಅವಳ ಗಂಡನ ಹೆಸರನ್ನು ಇಡೀ ಕಾಲನಿಗೆ ಕೇಳುವಂತೆ ಕೂಗಿದ. ಹೇಳಿಕೊಟ್ಟಂತಾಯಿತು. ರದ್ದು.

ಮೂರನೆಯ ಸಲ ಅವಳು ಬಾಯಿ ತೆರೆಯುವ ಮೊದಲೇ ನಮ್ಮವರು ತಟ್ಟೆಯಲ್ಲಿ ಚಹಾ ಹಿಡಿದುಕೊಂಡು ಬಂದರು. ಬ್ಯಾಂಕಿನಲ್ಲಿದ್ದವರು, ವರ್ಗವಾಗಿ ಊರೂರು ತಿರುಗಿದವರು. ಮನೆಯ ಹತ್ತಿರ ಯಾರು ಬಂದರೂ ಚಹಾ ಕೊಡದೆ ಕಳಿಸಿದವರಲ್ಲ. ಕಾನ್‌ಸ್ಟೇಬಲ್ ಮರೆತು ಕಪ್ಪು ತೆಗೆದುಕೊಂಡರು. ಆ ಕಪ್ಪು ಕ್ಯಾಮೆರಾದ ಕಣ್ಣಿನ ಮುಂದೆಯೇ ಮೇಲೇರಿತು. ರದ್ದು. ನಾಲ್ಕನೆಯ ಸಲ ಬ್ಯಾಟರಿ ಮುಗಿಯಿತು. ನಮ್ಮ ಮನೆಯ ಪ್ಲಗ್ಗಿಗೆ ಅದನ್ನು ಹಾಕಿ ನಲವತ್ತು ನಿಮಿಷ ಎಲ್ಲರೂ ಇಟ್ಟಿಗೆಯ ಮೇಲೆ ಕೂತೆವು. ಗಂಟೆ ಹನ್ನೊಂದೂಕಾಲು. ನನ್ನ ಪಲ್ಯ ಇನ್ನೂ ನೀರಿನಲ್ಲಿತ್ತು.

ಸಿಟ್ಟು ಬಂತು. ಅವಳನ್ನು ಪಕ್ಕಕ್ಕೆ ಕರೆದು ಗದರಿಸಿದೆ.

"ಏನವ್ವ ನೀ? ನಾಳೆ ಎರಡಕ್ಕ ಗಾಡಿ ಹೊಂಡ್ತದ. ಅವನ ಆಯುಷ್ಯ ಕಾಯ್ಕೋತ ನೀ ಇಲ್ಲಿ ಕೂತರ ಅವ ಅಲ್ಲಿ ಬ್ಯಾರೆ ದೇಶದಾಂವ ಆಗಿ ಕೂಡ್ತಾನ. ಬರೇ ಒಂದು ಹೆಸರು. ನಾನು ಎಕ್ಸ್‌ಚೇಂಜಿನ್ಯಾಗ ದಿನಾ ನೂರು ಹೆಸರು ಕೂಗೇನಿ. ನನಗೇನಾಗೇದ?"

"ಅವು ಮಂದೀ ಗಂಡಂದಿರವು ಅಲ್ರೀ ಬಾಯಾರ?" ಎಂದಳು. ಕಣ್ಣಲ್ಲಿ ನೀರಿತ್ತು. ಅವಳು ಹಟ ಮಾಡುತ್ತಿರಲಿಲ್ಲ. ಹೇಳಿದರೆ ಆಯುಷ್ಯಕ್ಕೆ ಕುತ್ತು, ಹೇಳದಿದ್ದರೆ ಶಿಬಿರ. ಎರಡರ ನಡುವೆ ನಿಂತಿದ್ದಳು.

ಐದನೆಯ ಸಲ ಕ್ಯಾಮೆರಾ ಹಸಿರು ದೀಪ ತೋರಿಸಿತು. ಸಬ್ ಇನ್ಸ್‌ಪೆಕ್ಟರು ಕೈಲಿದ್ದ ಹಾಳೆ ತಿರುಗಿಸಿ ನೋಡಿ, "ಅರೆ, ಇದೊಂದು ಬಿಟ್ಟೇಹೋಗಿತ್ತು. ದುಭಾಷಿಯ ಗುರುತೂ ದಾಖಲಾಗಬೇಕು," ಎಂದು ನನ್ನ ಕಡೆ ತಿರುಗಿದರು. "ಕಾಕು, ನಿಮ್ಮ ಪೂರ್ಣ ಹೆಸರು ಹೇಳಿ."

ಹೇಳಿದೆ.

"ಪತಿಯ ಪೂರ್ಣ ಹೆಸರು?"

ಬಾಯಿ ತೆರೆದೆ. ಏನೂ ಬರಲಿಲ್ಲ.

ಇದನ್ನು ಬರೆಯಲು ನನಗೆ ಈಗಲೂ ಮುಜುಗರ. ನಮ್ಮವರ ಹೆಸರನ್ನು ನಾನು ಸಾವಿರ ಕಡೆ ಬರೆದಿದ್ದೇನೆ: ರೇಷನ್ ಕಾರ್ಡಿನ ಅರ್ಜಿ, ಪಿಂಚಣಿಯ ಕಾಗದ, ಮಕ್ಕಳ ಶಾಲೆಯ ಫಾರ್ಮು. ಕೌಂಟರುಗಳಲ್ಲಿ ಯಾರಾದರೂ ಬಾಯಲ್ಲಿ ಕೇಳಿದರೆ ಚೀಟಿ ಮುಂದೆ ತಳ್ಳಿದ್ದೇನೆ. ಎಕ್ಸ್‌ಚೇಂಜಿನಲ್ಲಿ ಅದೇ ಹೆಸರಿನ ಬೇರೆ ಯಾರಾದರೂ ಟ್ರಂಕ್ ಕಾಲ್ ಬುಕ್ ಮಾಡಿದರೆ ಬೋರ್ಡನ್ನು ಪಕ್ಕದವಳಿಗೆ ಬಿಟ್ಟು ನೀರು ಕುಡಿಯಲು ಏಳುತ್ತಿದ್ದೆ. ಆಮೇಲೆ ಮೇಲ್ವಿಚಾರಕಿಯಾದೆ, ಏಳುವ ಕಷ್ಟವೂ ತಪ್ಪಿತು. ಹೀಗೆ ನಲವತ್ತಾರು ವರ್ಷ. ಅದನ್ನು ನಾನು ಒಂದು ಕಟ್ಟುಪಾಡು ಎಂದು ಯೋಚಿಸಿರಲೇ ಇಲ್ಲ. ನನ್ನಷ್ಟಕ್ಕೆ ನಾನು ಅದೆಲ್ಲ ಬಿಟ್ಟವಳು ಎಂದೇ ತಿಳಿದಿದ್ದೆ.

"ಕಾಕು?"

ಹೆಸರಿನ ಮೊದಲ ಅಕ್ಷರಗಳನ್ನು ಹೇಳಿದೆ.

"ಪೂರ್ಣ ಹೆಸರು ಬೇಕು."

"ಅವರು ಇಲ್ಲೇ ನಿಂತಿದ್ದಾರಲ್ಲ, ಅವರನ್ನೇ ಕೇಳಿ."

"ಹೇಳಿಕೊಟ್ಟಂತಾಗುತ್ತದೆ ಕಾಕು."

ನಮ್ಮವರು ಖಾಲಿ ಕಪ್ಪುಗಳ ತಟ್ಟೆ ಹಿಡಿದು ನಿಂತಿದ್ದರು. ಇಷ್ಟು ಆಸಕ್ತಿಯಿಂದ ಅವರು ಕ್ರಿಕೆಟ್ಟನ್ನೂ ನೋಡಿದ್ದು ನಾನು ಕಂಡಿಲ್ಲ. "ಹೇಳು, ಹೇಳು," ಎಂದರು. "ನಾನೂ ಕೇಳಿ ಭಾಳ ದಿವಸ ಆತು."

ಇಟ್ಟಿಗೆ ಹೊರುವ ಹೆಂಗಸರೆಲ್ಲ ಬುಟ್ಟಿ ಇಳಿಸಿದ್ದರು. ಆ ಹೆಣ್ಣುಮಗಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

"ಬಾಯಾರ," ಎಂದಳು ಮೆಲ್ಲಗೆ, "ನಿಮಗೂ ಬರಂಗಿಲ್ಲೇನ್ರಿ?"

ರದ್ದು.

ಸಬ್ ಇನ್ಸ್‌ಪೆಕ್ಟರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೂತರು. ಇಡೀ ಜಿಲ್ಲೆಯಲ್ಲಿ ಕನ್ನಡ ಬರುವ ಬೇರೆ ದುಭಾಷಿ ಯಾರಾದರೂ ಗೊತ್ತೇ ಎಂದು ಕೇಳಿದರು. ಗಂಡಸಾದರೆ ಒಳ್ಳೆಯದು ಎಂದೂ ಸೇರಿಸಿದರು. ನನಗೆ ಗೊತ್ತಿದ್ದ ಒಬ್ಬ ಗಂಡಸು ನಮ್ಮವರೇ. ಅವರ ಮರಾಠಿ, ಇಲ್ಲಿ ಇಷ್ಟು ವರ್ಷ ಇದ್ದರೂ, ಚಹಾದಾಚೆಗೆ ಹೋಗಿಲ್ಲ.

ದಾರಿ ತೋರಿಸಿದವರು ಕಾನ್‌ಸ್ಟೇಬಲ್. "ನಮ್ಮಲ್ಲೂ ಹೀಗೇ ಕಾಕು. ನನ್ನ ಅತ್ತೆ ತನ್ನ ಗಂಡನ ಹೆಸರು ಹೇಳುವುದಿಲ್ಲ. ಆದರೆ ಅರಿಷಿಣ ಕುಂಕುಮಕ್ಕೆ ಕರೆದರೆ ಉಖಾಣೆಯಲ್ಲಿ ಎಲ್ಲರ ಮುಂದೆ ಹೇಳುತ್ತಾಳೆ. ನಿಮ್ಮಲ್ಲಿ ಇಲ್ಲವಾ?"

ಇದೆ. ನಮ್ಮಲ್ಲಿ ಅದು ಒಡಪು. ಮದುವೆಯಲ್ಲೋ, ಕುಂಕುಮಕ್ಕೆ ಕರೆದಾಗಲೋ, ಹೆಂಗಸರು ಸುತ್ತ ಕೂತು 'ಹೆಸರು ಹೇಳು' ಎಂದು ಕಾಡಿದಾಗ, ಎರಡು ಸಾಲಿನ ಪ್ರಾಸದೊಳಗೆ ಗಂಡನ ಹೆಸರನ್ನು ಸೇರಿಸಿ ಹೇಳಬಹುದು. ಅದರಿಂದ ಆಯುಷ್ಯಕ್ಕೆ ಏನೂ ಆಗುವುದಿಲ್ಲ. ಅವಳನ್ನು ಕೇಳಿದೆ.

"ಒಡಪಿನ್ಯಾಗಾದ್ರ ಹೇಳ್ತೀನ್ರಿ," ಎಂದಳು ತಕ್ಷಣ. "ಆದ್ರ ಸುಮ್ನ ಹ್ಯಾಂಗ ಹೇಳೋದು? ಕುಂಕುಮ ಬೇಕು, ಕೂಡ್ಲಿಕ್ಕ ಚಾಪಿ ಬೇಕು. ನಾಕ ಮಂದಿ ಮುತ್ತೈದಿಯರ ಕೇಳಬೇಕು."

ಹೇಳಿಕೆಯನ್ನು ಪದ್ಯದಲ್ಲಿ ಕೊಡಬಹುದೇ ಎಂದು ಹಾಳೆಯಲ್ಲಿ ಬರೆದಿರಲಿಲ್ಲ. ಸಬ್ ಇನ್ಸ್‌ಪೆಕ್ಟರು ಮೇಲಿನವರಿಗೆ ಫೋನು ಹಚ್ಚಿದರು. ನಾಲ್ಕು ಸಲ "ಹೌದು ಸರ್, ಪದ್ಯ ಸರ್," ಎಂದರು. ಐದನೆಯ ಸಲ "ಇಲ್ಲ ಸರ್, ನಾನು ಹುಷಾರಾಗಿದ್ದೇನೆ ಸರ್," ಎಂದರು. ಕೊನೆಗೆ ಫೋನು ಇಳಿಸಿ ಹೇಳಿದರು: "ಅಡ್ಡಿಯಿಲ್ಲವಂತೆ. ಆದರೆ ಸಾಕ್ಷಿಯ ಸ್ವಂತ ಮಾತಾಗಿರಬೇಕು. ಬೇರೆಯವರು ಕಟ್ಟಿದ್ದನ್ನು ಬಾಯಿಪಾಠ ಹೇಳಿದರೆ ಅದೂ ಹೇಳಿಕೊಟ್ಟಂತೆಯೇ."

ಹಾಗಾಗಿ ಇಬ್ಬರೂ ಹೊಸದಾಗಿ ಕಟ್ಟಬೇಕಾಯಿತು. ನನ್ನ ಮದುವೆಯಲ್ಲಿ ಹೇಳಿದ್ದು ಸೋದರತ್ತೆ ಕಲಿಸಿದ ಒಡಪು, ಅದು ನಡೆಯುವಂತಿರಲಿಲ್ಲ. ಹದಿನೈದು ನಿಮಿಷ ಬಿಡುವು ಕೇಳಿದೆ. ಅವಳು ಇಟ್ಟಿಗೆಯ ರಾಶಿಯ ಆಚೆ, ನಾನು ಈಚೆ ಕೂತು ತುಟಿ ಅಲ್ಲಾಡಿಸಿದೆವು. ನಡುವೆ ಸಬ್ ಇನ್ಸ್‌ಪೆಕ್ಟರು, ಒಬ್ಬರಿಗೊಬ್ಬರು ಹೇಳಿಕೊಡದಂತೆ ಕಾವಲು.

ಹನ್ನೆರಡೂ ಹತ್ತಕ್ಕೆ ಆ ಕಟ್ಟಡದ ನೆಲ ಅಂತಸ್ತಿನಲ್ಲಿ, ಖಾಲಿ ಸಿಮೆಂಟ್ ಚೀಲಗಳನ್ನು ಬಿಡಿಸಿ ಹಾಸಿ, ಅರಿಷಿಣ ಕುಂಕುಮ ಮಾಡಿದೆವು. ಕುಂಕುಮದ ಭರಣಿ ನಮ್ಮ ಮನೆಯದು. ಇಟ್ಟಿಗೆಯ ಹೆಂಗಸರು ಐವರು ಸುತ್ತ ಕೂತರು. ಕಾನ್‌ಸ್ಟೇಬಲ್ಲೂ ಮುತ್ತೈದೆ, ಆಕೆಯನ್ನು ಬಿಟ್ಟು ಉಳಿದವರಿಗೆ ಹಚ್ಚುವುದು ಹೇಗೆ? ಕುಂಕುಮ ಉಡುಗೊರೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಸಬ್ ಇನ್ಸ್‌ಪೆಕ್ಟರು ತಮ್ಮ ಜವಾಬ್ದಾರಿಯ ಮೇಲೆ ತೀರ್ಮಾನಿಸಿದರು. ಹಚ್ಚುವಾಗ ನನ್ನ ಬೆರಳಿನ ಅರಿಷಿಣ ಕ್ಯಾಮೆರಾದ ಕಣ್ಣಿಗೂ ಸ್ವಲ್ಪ ತಗುಲಿತು. ಒರೆಸಲು ಹೋದರೆ ಮತ್ತೆ ರದ್ದಾದೀತೆಂದು ಹಾಗೇ ಬಿಟ್ಟೆವು. ಸರ್ಕಾರದ ದಾಖಲೆಯಲ್ಲಿ ಆ ಮಧ್ಯಾಹ್ನದ ಒಂದು ಮೂಲೆ ಹಳದಿಯಾಗಿದೆ.

ಗುಂಡಿ ಒತ್ತಿ ಸಮಯ, ಸ್ಥಳ, ಪಾರದರ್ಶಕತೆ ಎಲ್ಲ ಹೇಳಿದ್ದು ಕುಂಕುಮಕ್ಕೆ ಮೊದಲೇ ಆಗಿತ್ತು. ದುಭಾಷಿಯ ಗುರುತು ಮೊದಲು. ಹೆಂಗಸರು ಒಟ್ಟಿಗೆ, "ಹೇಳ್ರಿ ಬಾಯಾರ, ಹೆಸರ ಹೇಳ್ರಿ!" ಎಂದು ಕೂಗಿದರು. ಹೇಳಿದೆ. ಹೆಸರು ಇದ್ದಲ್ಲಿ ಇಲ್ಲಿ ಗೆರೆ ಎಳೆದಿದ್ದೇನೆ. ಈಗ ನನ್ನ ಸುತ್ತ ಯಾರೂ ಕುಂಕುಮ ಹಿಡಿದು ಕೂತಿಲ್ಲ.

ಊರೂರಿಗೆ ಲೈನ ಜೋಡಿಸಿ ಹೆಸರ ಕೂಗಿದೆ ಸಾವಿರಾರ,
———ರಾಯರ ಹೆಸರ ಹೇಳತೀನಿ, ತಡ ಆತಂತ ಆಗಬ್ಯಾಡ್ರಿ ಬೇಜಾರ.

ಹೆಂಗಸರು ಹೋ ಎಂದರು. ನಮ್ಮವರು ತಟ್ಟೆ ಕೆಳಗಿಟ್ಟು ಹೊರಗಿನ ಆಕಾಶ ನೋಡಿದರು. ಆಮೇಲೆ ಅವಳ ಸರದಿ. ಸೆರಗು ಸರಿ ಮಾಡಿಕೊಂಡು, ಕಾನ್‌ಸ್ಟೇಬಲ್ಲಿನ ಎದೆಯನ್ನೇ ನೇರವಾಗಿ ನೋಡುತ್ತ, ಒಂದೇ ಉಸಿರಿನಲ್ಲಿ ಹೇಳಿದಳು:

ಹತ್ತ ಅಂತಸ್ತ ಏರಸ್ತೀವಿ, ನಮಗಿಲ್ಲ ಒಂದ ಬಾಗಿಲ,
——— ಅವರ ಹೆಸರ ಹೇಳತೀನಿ, ಅವರ ಬಿಟ್ಟರ ನಂದೇನಿಲ್ಲ.

ನಾನು ಅದನ್ನು ಮರಾಠಿಗೆ ತಿರುಗಿಸಿದೆ. ಪ್ರಾಸ ಬರಲಿಲ್ಲ, ಆದರೂ ಸಬ್ ಇನ್ಸ್‌ಪೆಕ್ಟರು ಬಹಳ ಹೊತ್ತು ಹಾಳೆಯ ಕಡೆಗೇ ನೋಡಿದರು. ಚಿತ್ರೀಕರಣ ಮುಗಿಯಿತು ಎಂದು ಹೇಳುವುದನ್ನು ಕಾನ್‌ಸ್ಟೇಬಲ್ ನೆನಪಿಸಬೇಕಾಯಿತು.

ಸಂಜೆ ಫೋನು ಬಂತು. ಸಂಭಾಜಿನಗರದ ಅಧಿಕಾರಿ ಚಿತ್ರೀಕರಣ ನೋಡಿದ್ದರು. ಹೇಳಿಕೆ ಕನ್ನಡದಲ್ಲಿದೆ, ಅದೂ ಪದ್ಯ, ಅದೂ ಹಳದಿ. ದುಭಾಷಿಯೂ ಹೆಂಡತಿಯೂ ಖುದ್ದಾಗಿ ಬಂದು ದೃಢಪಡಿಸಲಿ ಎಂದಿದ್ದರು. ಮರುದಿನ ಬೆಳಗಿನ ರೈಲಿಗೆ ಹೊರಟೆವು: ಅವಳು, ನಾನು, ಮತ್ತು ಕರೆಯದಿದ್ದರೂ ನಮ್ಮವರು. ಲಾಸಲಗಾಂವ್ ದಾಟುವಾಗ ರೈಲಿನ ಡಬ್ಬಿಯೆಲ್ಲ ಈರುಳ್ಳಿ ವಾಸನೆ. ಅವಳು ಮಡಿಲಲ್ಲಿ ಆ ಒಂದೇ ಕಿವಿಯ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಮನ್ಮಾಡಿನಲ್ಲಿ ಗಾಡಿ ಬದಲಿಸಿ ಹನ್ನೆರಡಕ್ಕೆ ಮುಟ್ಟಿದೆವು. ಕಚೇರಿಯ ಅಂಗಳದಲ್ಲಿ ಕಿಟಕಿಗೆ ಜಾಲರಿ ಹೊಡೆದ ಗಾಡಿ ಆಗಲೇ ನಿಂತಿತ್ತು. ಅವಳು ಅದರ ಒಂದೊಂದು ಕಿಟಕಿಯನ್ನೂ ಇಣುಕಿ ನೋಡಿದ ಮೇಲೆಯೇ ಒಳಗೆ ಬಂದಳು.

ಒಳಗಿನ ಅಧಿಕಾರಿಯ ಎದೆಯ ಮೇಲೂ ಒಂದು ಕ್ಯಾಮೆರಾ. ಅವರು ಅವಳ ಗಂಡನನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿ, ಕಂಪ್ಯೂಟರಿನಲ್ಲಿ ನಾಸಿಕದ ಚಿತ್ರೀಕರಣ ಹಚ್ಚಿದರು. ಇವರ ಕ್ಯಾಮೆರಾ ಆ ಕ್ಯಾಮೆರಾದ ಚಿತ್ರವನ್ನು ಚಿತ್ರೀಕರಿಸುತ್ತಿತ್ತು. ಅವನು ತೆಳ್ಳಗಿನ ಮನುಷ್ಯ. ಎರಡು ದಿನದ ಗಡ್ಡ. ಅಂಗಿಯ ಮೇಲೆ ಸಿಮೆಂಟು. ತನ್ನ ಹೆಂಡತಿ ತನ್ನ ಹೆಸರು ಹೇಳಿದ್ದು ಕೇಳಿದವನೇ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಕಿವಿಗಳೆರಡೂ ಕೆಂಪಾದವು. ಅಧಿಕಾರಿ ಕಾರ್ಡನ್ನು ಎತ್ತಿ, ಅದರ ಮೇಲೆ ಉಳಿದ ಕಿವಿಯನ್ನೂ ಬೆಂಚಿನ ಮೇಲಿನ ಕಿವಿಯನ್ನೂ ಸಾವಕಾಶವಾಗಿ ಹೋಲಿಸಿದರು.

"ಇವನು ನಾಚಿಕೊಂಡಿದ್ದು ದಾಖಲಾಯಿತು," ಎಂದರು ತಮ್ಮ ಎದೆಗೆ. ಆಮೇಲೆ ಹೆಸರು, ಊರು, ಮದುವೆಯ ವರ್ಷ, ಒಂದೊಂದನ್ನೇ ಅವನ ಹೇಳಿಕೆಯೊಂದಿಗೆ ಕೂಡಿಸಿ ನೋಡಿ, ನನ್ನ ಸಹಿ ತೆಗೆದುಕೊಂಡು, "ಹೋಗಬಹುದು," ಎಂದರು. ಗಂಟೆ ಒಂದೂ ಇಪ್ಪತ್ತು.

ಅಂಗಳಕ್ಕೆ ಬಂದ ಮೇಲೆ ಅವನು ಹೆಂಡತಿಯನ್ನು ಮೆಲ್ಲಗೆ ಕೇಳಿದ: "ಮಂದಿ ಮುಂದ ನನ್ನ ಹೆಸರ ತಗೊಂಡೆಲಾ?"

"ತಗೊಳ್ದ ಏನ್ ಮಾಡ್ಲಿ? ನೀವು ಕಾರ್ಡ ತಗೊಂಡ ಹೋಗಿದ್ರ್ಯಾ?"

ಅವನು ಗಾಡಿಯನ್ನು ಸುತ್ತಿಹಾಕಿ, ಅದರ ಕಡೆ ನೋಡದೆ ನಡೆದ.

ವಾಪಸು ಬರುವಾಗ ಮನ್ಮಾಡಿನಲ್ಲಿ ನಾಸಿಕದ ಗಾಡಿ ಹತ್ತಿ ಕೂತೆವು. ಅದು ಹೊರಡಲು ಹತ್ತು ನಿಮಿಷ ಇದೆ ಎಂದು ಗಂಡಸರಿಬ್ಬರೂ ಇಳಿದು ಹೋದರು. ಅವನು ನೀರಿಗೆ, ನಮ್ಮವರು ವಡೆಗೆ. ನನ್ನ ಗಡಿಯಾರದ ಪ್ರಕಾರ ಇನ್ನೂ ಮೂರು ನಿಮಿಷ ಇರುವಾಗಲೇ ಗಾಡಿ ಅಲುಗಿತು. ಇಂಥದ್ದನ್ನು ನಾನು ಎಂದೂ ಕ್ಷಮಿಸುವುದಿಲ್ಲ. ಇಬ್ಬರೂ ಬಾಗಿಲಿಗೆ ಓಡಿದೆವು. ಪ್ಲಾಟ್‌ಫಾರ್ಮಿನ ತುಂಬ ಜನ. ನಲ್ಲಿಯ ಹತ್ತಿರ ಅವನ ಬೆನ್ನು, ವಡೆಯ ಗಾಡಿಯ ಹತ್ತಿರ ನಮ್ಮವರ ಬೋಳು ತಲೆ.

"ಏ ಇವರಽ! ಕೇಳ್ಸ್ತೇನ್ರಿ!" ಎಂದು ಅವಳು ಕೂಗಿದಳು. "ಏನ್ರೀ!" ಎಂದು ನಾನು ಕೂಗಿದೆ. ಯಾರೂ ತಿರುಗಲಿಲ್ಲ.

ಅವಳು ನನ್ನ ತೋಳು ಹಿಡಿದಳು. "ಬಾಯಾರ, ನಮ್ಮವರನ್ನ ನೀವು ಕರೀರಿ! ನಿಮ್ಮವರನ್ನ ನಾ ಕರೀತೀನಿ!"

ಎಕ್ಸ್‌ಚೇಂಜಿನ ಹಳೆಯ ಗಂಟಲು ತೆಗೆದು ಅವಳ ಗಂಡನ ಹೆಸರನ್ನು ಮೂರು ಸಲ, ಒಂದೊಂದು ಅಕ್ಷರ ಬಿಡಿಸಿ ಕೂಗಿದೆ. ನನ್ನ ಪಕ್ಕದಲ್ಲಿ ಅವಳು, ಹಿಂದಿನ ದಿನ ಸಿಮೆಂಟ್ ಚೀಲದ ಮೇಲೆ ಕೂತು ಕೇಳಿ ಕಲಿತ ಹೆಸರನ್ನು, ರಾಯರ ಸಮೇತ, ನನಗಿಂತ ಜೋರಾಗಿ ಕೂಗಿದಳು. ಇಬ್ಬರೂ ಒಮ್ಮೆಲೇ ತಿರುಗಿದರು. ಒಬ್ಬನ ಕೈಯಲ್ಲಿ ಎರಡು ಬಾಟಲಿ, ಇನ್ನೊಬ್ಬರ ಕೈಯಲ್ಲಿ ಎಣ್ಣೆ ಸೋರುವ ಪೊಟ್ಟಣ. ಯಾವ ಹೆಂಗಸು ಯಾರ ಹೆಸರು ಕೂಗುತ್ತಿದ್ದಾಳೆ ಎಂದು ತಿಳಿಯದೆ ಕಕ್ಕಾಬಿಕ್ಕಿಯಾಗಿ, ಆದರೆ ಸರಿಯಾದ ಡಬ್ಬಿಗೇ, ಓಡಿಬಂದು ಹತ್ತಿದರು.